ಹೇಲು ಹೊತ್ತವರು ಹೇಲಿನ ಮಾತಿಗೆ ನಾಚಬೇಕೆ?

ನಮ್ಮ ತಾತ ಊರಿನವರ ಹೇಲನ್ನು ತಲೆಯ ಮೇಲೆ ಹೊತ್ತ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಅದನ್ನು ನಿಷೇಧಿಸಿದರು. ಬುಟ್ಟಿ ಇಳಿಯಿತು, ನಾಚಿಕೆ ಇಳಿಯಲಿಲ್ಲ. ಹೇತವರಿಗಿಲ್ಲದ ನಾಚಿಕೆಯನ್ನು ಹೊತ್ತವರ ಮೇಲೆ ಹೇರಿದ ವ್ಯವಸ್ಥೆ ಇದು. ಆ ನಾಚಿಕೆಯೇ ನಮ್ಮಪ್ಪನನ್ನು ಕೊಲ್ಲಲು ಹೊರಟಿತ್ತು.

ಎರಡು ವರ್ಷ ಹೊರಕಡೆಗೆ ಹೋದಾಗಲೆಲ್ಲ ಅಪ್ಪನಿಗೆ ನೆತ್ತರು ಬೀಳುತ್ತಿತ್ತು. ಅವ್ವನಿಗೂ ಹೇಳಲಿಲ್ಲ. ಗೊತ್ತಾದಾಗ, ಡಿಗ್ರಿ ಮುಗಿಸಿ ಕವನ ಬರೆಯುವ ನಾವೂ ಏನಂದೆವು? "ಉಷ್ಣ ಆಗೈತೆ ಬಿಡಪ್ಪ, ಮಜ್ಜಿಗೆ ಕುಡಿ." ಡಾಕ್ಟರು ಮುಟ್ಟಿಯೂ ನೋಡದೆ ಮೊಳೆರೋಗ ಅಂತ ಮುಲಾಮು ಬರೆದ. ಬೆರಳು ಹಾಕಿ ನೋಡಿದ್ದರೆ ಸಾಕಿತ್ತು, ಗೆಡ್ಡೆ ಅಷ್ಟು ಹತ್ತಿರದಲ್ಲಿತ್ತು.

ಅಪ್ಪ ಬದುಕಿದ್ದಾನೆ. ಆಪರೇಷನ್ ಮಾಡಿ ಹೊಟ್ಟೆಯ ಪಕ್ಕ ಚೀಲ ಕಟ್ಟಿದ್ದಾರೆ. ಚೀಲ ಮುಚ್ಚಿಕೊಂಡು ಮೂಲೆ ಹಿಡಿದಿದ್ದವನು ಒಂದು ದಿನ ಅಂದ: "ನಮ್ಮಪ್ಪ ಊರೋರ್ದು ಹೊತ್ತ ಕಣ್ರಲಾ. ನಾನು ನಂದೇ ಹೊರ್ತಾ ಇವ್ನಿ. ಇದ್ರಾಗ್ ನಾಚ್ಕೆ ಏನೈತೆ?"

ಆ ಮಾತೇ ಇದನ್ನು ಬರೆಸುತ್ತಿದೆ. ಕರುಳಿನ ಕ್ಯಾನ್ಸರ್ ರಾತ್ರೋರಾತ್ರಿ ಬರುವುದಿಲ್ಲ. ಕರುಳಿನ ಒಳಗೋಡೆಯಲ್ಲಿ ನರುಳ್ಳೆಯಂಥ ಗಂಟು ಹುಟ್ಟಿ, ಅದು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು. ಅಷ್ಟರೊಳಗೆ ಕಂಡರೆ ಕೊಳವೆ ಇಳಿಸಿ ಕತ್ತರಿಸಿ ತೆಗೆಯಬಹುದು. ಮೊದಲ ಹಂತದಲ್ಲಿ ಸಿಕ್ಕಿದ 10 ಜನರಲ್ಲಿ ಸುಮಾರು 9 ಜನ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ದಾಟುವವರು ತೀರಾ ಕಮ್ಮಿ. ಕಣ್ಣಿಗೆ ಕಾಣದ ನೆತ್ತರನ್ನೂ ಹೇಲಿನ ಒಂದು ಚೂರಿನಲ್ಲಿ ಪತ್ತೆ ಹಚ್ಚುವ ಪರೀಕ್ಷೆಯಿದೆ. ಇಂಗ್ಲೆಂಡಿನಲ್ಲಿ 2006ರಲ್ಲಿ ಶುರುವಾದ ಯೋಜನೆ ಅದರ ಸಾಮಾನನ್ನು ಅಂಚೆಯಲ್ಲಿ ಮನೆಗೇ ಕಳಿಸುತ್ತದೆ.

ನಮ್ಮ ಸರ್ಕಾರದ 2016ರ ಮಾರ್ಗಸೂಚಿ 30 ದಾಟಿದವರಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಹುಡುಕಲು ಹೇಳಿತು, ಕರುಳನ್ನು ಸೇರಿಸಲಿಲ್ಲ. "ನಮ್ಮಲ್ಲಿ ಈ ರೋಗ ಕಮ್ಮಿ" ಅನ್ನುತ್ತಾರೆ. ಹೌದು, ಪಶ್ಚಿಮಕ್ಕಿಂತ ಕಮ್ಮಿ. ಕಮ್ಮಿ ಜನ ಸತ್ತರೆ ಅದು ಸಾವಲ್ಲವೆ? ಕಾಸಿದ್ದವನು ಕೊಳವೆ ಇಳಿಸಿ ನೋಡಿಸಿಕೊಳ್ಳುತ್ತಾನೆ. ಇಲ್ಲದವನಿಗೆ ಮುಲಾಮು.

ಗೆಳೆಯರೇ, ಮೇಷ್ಟ್ರುಗಳೇ, ಬೋರ್ಡಿನ ಮೇಲೆ ಬರೆಯಿರಿ: ಹೇಲಿನಲ್ಲಿ ನೆತ್ತರು, ವಾರಗಟ್ಟಲೆ ಏರುಪೇರಾದ ಹೊರಕಡೆ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ. ಇವು ಕಂಡರೆ ಮುಲಾಮಿಗೆ ಸುಮ್ಮನಾಗಬೇಡಿ, ಪರೀಕ್ಷೆ ಕೇಳಿ. ಹೆತ್ತವರಿಗೋ ಒಡಹುಟ್ಟಿದವರಿಗೋ ಬಂದಿದ್ದರೆ 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ, ಏನೂ ಕಾಣದಿದ್ದರೂ ಪರೀಕ್ಷೆ ಮಾಡಿಸಿ. ನಾವು ಅಣ್ಣತಮ್ಮಂದಿರು ಆ ಲೆಕ್ಕ ಹಾಕಿ ಗೋಡೆಯ ಮೇಲೆ ಬರೆದಿಟ್ಟಿದ್ದೇವೆ.

ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಪರೀಕ್ಷೆ ಬಿಟ್ಟಿಯಾಗಿ ಸಿಗಬೇಕು. ಇದು ಭಿಕ್ಷೆಯಲ್ಲ, ಹಕ್ಕು. ತಲೆತಲಾಂತರದಿಂದ ಊರಿನದನ್ನೆಲ್ಲ ಹೊತ್ತಿದ್ದೇವೆ. ನಮ್ಮದೊಂದು ಚೂರನ್ನು ಸರ್ಕಾರ ಮುಟ್ಟಿ ನೋಡಲಿ.