ಹೆಸರು ನಮ್ಮದು, ಮಾತು ಯಾರದು?

ದಿಲ್ಲಿಯ ಸರಕಾರವು 2023ನೆಯ ಇಸವಿಯ ಮೇ ತಿಂಗಳಲ್ಲಿ ಒಂದು ಅಪ್ಪಣೆ ಹೊರಡಿಸಿತು. ದೇಶದ ಸಾರ್ವಜನಿಕ ರೇಡಿಯೋವನ್ನು ಇನ್ನು ಮುಂದೆ 'ಆಲ್ ಇಂಡಿಯಾ ರೇಡಿಯೋ' ಎಂದು ಕರೆಯದೆ 'ಆಕಾಶವಾಣಿ' ಎಂದೇ ಕರೆಯತಕ್ಕದ್ದೆಂಬುದು ಅದರ ತಾತ್ಪರ್ಯ. ಇದನ್ನೋದಿ ಕನ್ನಡಿಗರಲ್ಲಿ ಅನೇಕರು ಹಿಗ್ಗಿದರು. ಹಿಗ್ಗುವುದಕ್ಕೆ ಕಾರಣವೂ ಇತ್ತು. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಅಧ್ಯಾಪಕರಾಗಿದ್ದ ಶ್ರೀ ಎಂ. ವಿ. ಗೋಪಾಲಸ್ವಾಮಿಯವರು 1935ರ ಸಪ್ಟಂಬರದಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಯಂತ್ರವನ್ನಿಟ್ಟು ಬಾನುಲಿ ನಿಲಯವನ್ನು ಆರಂಭಿಸಿದರು. ಆ ನಿಲಯಕ್ಕೆ ಇಟ್ಟ ಹೆಸರೇ ಆಕಾಶವಾಣಿ. ಇಪ್ಪತ್ತು ವರ್ಷಗಳ ತರುವಾಯ ದಿಲ್ಲಿಯು ಆ ಹೆಸರನ್ನು ಇಡಿಯ ದೇಶದ ರೇಡಿಯೋಕ್ಕೆ ಎತ್ತಿಕೊಂಡಿತು. ಹೆಸರಿನ ಮಟ್ಟಿಗೆ ಕನ್ನಡಿಗರು ಗೆದ್ದರೆಂದೇ ಇಟ್ಟುಕೊಳ್ಳೋಣ. ಹೆಸರಿನ ಒಳಗೆ ಏನು ಉಳಿದಿದೆಯೆಂಬುದೇ ನಮ್ಮ ಪ್ರಶ್ನೆ.

ಗೋಪಾಲಸ್ವಾಮಿಯವರ ಮೊದಲ ಯಂತ್ರವು ನೂರು ವಾಟಿಗೂ ಕಡಿಮೆ ಶಕ್ತಿಯದು. ಅದರ ಧ್ವನಿ ಬಹು ದೂರ ಹೋಗುತ್ತಿರಲಿಲ್ಲ. ಆದರೆ ಮೈಸೂರಿನವರು ಮೈಸೂರಿನವರಿಗೆ ಹೇಳಬೇಕಾದುದನ್ನು ಅದರಲ್ಲಿ ಹೇಳಿದರು, ಹಾಡಬೇಕಾದುದನ್ನು ಹಾಡಿದರು. ಒಬ್ಬ ಅಧ್ಯಾಪಕರು ಹೊತ್ತ ಹೊರೆಗೆ ಬಳಿಕ ಪೌರಸಭೆಯು ಹೆಗಲು ಕೊಟ್ಟಿತು. ಮುಂದೆ ಮೈಸೂರು ಸರಕಾರವೇ ಅದನ್ನು ವಹಿಸಿಕೊಂಡಿತು. ಇದರ ಪಕ್ಕದಲ್ಲಿ ನಮ್ಮ ಕಾಲದ ಒಂದು ಸಂಗತಿಯನ್ನಿಟ್ಟು ನೋಡಿರಿ. 2023ರ ಎಪ್ರಿಲ್ 28ರಂದು ಪ್ರಧಾನಮಂತ್ರಿಗಳು ಒಂದೇ ದಿನ 91 ಎಫ್.ಎಂ. ಯಂತ್ರಗಳನ್ನು ಉದ್ಘಾಟಿಸಿದರು. ಒಂದೊಂದೂ ನೂರು ವಾಟಿನದು. ಅಂದರೆ ವಿಜ್ಞಾನದ ಲೆಕ್ಕದಲ್ಲಿ ಒಂದೊಂದೂ ಗೋಪಾಲಸ್ವಾಮಿಯವರ ಆ ಮೊದಲ ಯಂತ್ರಕ್ಕಿಂತ ಬಲವಾದದ್ದು. ಆದರೆ ಇವು ಮರುಪ್ರಸಾರದ ಯಂತ್ರಗಳು. ಬೇರೆಡೆಯಲ್ಲಿ ಹುಟ್ಟಿದ ಮಾತನ್ನು ಎತ್ತಿ ಹರಡುವುದೇ ಇವುಗಳ ಕೆಲಸ. ಯಂತ್ರವಿದ್ದಲ್ಲೆಲ್ಲ ನಿಲಯವಿದೆಯೆಂದು ತಿಳಿಯುವವರು ತಂತಿಕಂಬವನ್ನು ನೋಡಿ ಟಪಾಲು ಕಚೇರಿಯೆಂದು ಕೈಮುಗಿದಾರು!

ಕಳೆದ ಮಳೆಗಾಲದಲ್ಲಿ ನಾವು ವ್ಯವಹಾರ ನಿಮಿತ್ತ ಒಂದು ಜಿಲ್ಲೆಯ ಊರಿನಲ್ಲಿ ಎರಡು ದಿನ ತಂಗಬೇಕಾಯಿತು. ಆ ಊರಿನಲ್ಲಿ ಆಕಾಶವಾಣಿಯ ನಿಲಯವುಂಟು. ರಾತ್ರಿಯೆಲ್ಲ ಮಳೆ ಹೊಯ್ದು, ಹಳ್ಳ ತುಂಬಿ, ಮುಂಜಾನೆ ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಯಾರಿಗೂ ತಿಳಿಯದು. ನಾವು ಇಳಿದುಕೊಂಡಿದ್ದ ಮನೆಯ ಹಿರಿಯರು ಹಳೆಯ ರೇಡಿಯೋವನ್ನು ತಿರುಗಿಸಿದರು. ದೂರದ ರಾಜಧಾನಿಯಿಂದ ಬರುತ್ತಿದ್ದ ಚಲನಚಿತ್ರ ಗೀತೆ ಕೇಳಿಸಿತು. ಅರ್ಧ ಗಂಟೆ ಕಾದೆವು. ಮತ್ತೊಂದು ಗೀತೆ. ಕೊನೆಗೆ ಹಾಲು ಹಾಕಲು ಬಂದ ಹುಡುಗನು, "ಸೇತುವೆ ಮೇಲೆ ನೀರು ಬಂದದ ರೀ, ಹೋಗಬ್ಯಾಡ್ರಿ" ಎಂದು ಹೇಳಿ ಹೋದನು. ಆ ಊರಿನ ಹೆಸರನ್ನು ನಾವು ಬೇಕೆಂದೇ ಬರೆಯುವುದಿಲ್ಲ. ಅಲ್ಲಿಯ ಇಬ್ಬರು ಮೂವರು ನೌಕರರು ಹಗಲಿರುಳು ದುಡಿಯುವವರೆಂದು ಬಲ್ಲೆವು. ತಪ್ಪು ಅವರದಲ್ಲ, ಅವರ ಕೈಯಿಂದ ಗಂಟೆಗಳನ್ನು ಕಸಿದುಕೊಂಡವರದು.

ಕನ್ನಡಿಗರಿಗೆ ಬಾನುಲಿ ನಿಲಯವೆಂದರೆ ಏನಾಗಿತ್ತೆಂಬುದನ್ನು ಈಗಿನವರು ಮರೆತಿದ್ದಾರೆ. 1950ರ ಜನವರಿ 8ರಂದು ಧಾರವಾಡದ ನಿಲಯವು ಆರಂಭವಾಯಿತು. ಆಗ ಧಾರವಾಡವು ಮುಂಬಯಿ ಪ್ರಾಂತದಲ್ಲಿತ್ತು. ಬಳ್ಳಾರಿ ಮಂಗಳೂರುಗಳು ಮದ್ರಾಸಿನಲ್ಲಿ, ಕಲಬುರ್ಗಿ ರಾಯಚೂರುಗಳು ಹೈದರಾಬಾದಿನಲ್ಲಿ, ಮಡಿಕೇರಿ ತನ್ನದೇ ಪುಟ್ಟ ಪ್ರಾಂತದಲ್ಲಿ. ಏಕೀಕರಣಕ್ಕೆ ಇನ್ನೂ ಸುಮಾರು ಏಳು ವರ್ಷ ಉಳಿದಿತ್ತು. ನಕಾಶೆಯಲ್ಲಿ ಗೆರೆ ಅಳಿಯುವುದಕ್ಕೆ ಮೊದಲೇ ಬಾನಿನಲ್ಲಿ ಗೆರೆ ಅಳಿಯಿತು. ಬಾನುಲಿಯ ಅಲೆಗೆ ಪ್ರಾಂತದ ಸುಂಕದ ಕಟ್ಟೆಯಿಲ್ಲವಷ್ಟೆ! ವರಕವಿ ಬೇಂದ್ರೆಯವರು 1956ರಿಂದ ಈ ನಿಲಯಕ್ಕೆ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನಸೂರರು ಸಂಗೀತದ ಸಲಹೆಗಾರರಾಗಿ ಅದೇ ನಿಲಯಕ್ಕೆ ಹೋಗಿ ಬರುತ್ತಿದ್ದರು. ಇತ್ತ ಮೈಸೂರಿನ ನಿಲಯವು 1955ರಲ್ಲಿ ಬೆಂಗಳೂರಿಗೆ ವರ್ಗವಾಯಿತು. ಅಲ್ಲಿ ಎ. ಎಸ್. ಮೂರ್ತಿಯವರು 'ರೇಡಿಯೋ ಈರಣ್ಣ'ನಾಗಿ ಹಳ್ಳಿಯ ಮಾತನ್ನು ಪಟ್ಟಣದ ಯಂತ್ರದ ಮುಂದೆ ಕೂಡಿಸಿದರು. ಭದ್ರಾವತಿ, ಕಲಬುರ್ಗಿ, ಮಂಗಳೂರು, ಮಡಿಕೇರಿ, ಚಿತ್ರದುರ್ಗ, ಹಾಸನ, ಹೊಸಪೇಟೆ, ಕಾರವಾರ, ರಾಯಚೂರು, ವಿಜಯಪುರ ಹೀಗೆ ಒಂದೊಂದಾಗಿ ನಿಲಯಗಳು ಹುಟ್ಟಿದುವು. ಇವು ಯಾರ ದಯೆಯಿಂದಲೂ ಬಂದುವಲ್ಲ. ಪ್ರತಿಯೊಂದರ ಹಿಂದೆ ಒಂದು ಸೀಮೆಯ ಜನರ ಬೇಡಿಕೆಯಿತ್ತು.

ಇಲ್ಲಿ ನಮ್ಮವರೇ ಕೆಲವರು ಒಂದು ಮಾತೆತ್ತುವರು. "ಏಕೀಕರಣದ ಪಕ್ಷದವರಾದ ನೀವೇ ಹೀಗೆನ್ನಬಹುದೇ? ಕರ್ನಾಟಕವು ಒಂದಾಗಿರಲು ಅದರ ಧ್ವನಿಯೂ ಒಂದಾಗಬಾರದೇ? ಬೆಂಗಳೂರಿನಿಂದ ಒಳ್ಳೆಯ ಕಾರ್ಯಕ್ರಮವನ್ನು ಮಾಡಿ ಬೀದರದಿಂದ ಚಾಮರಾಜನಗರದ ತನಕ ಕೇಳಿಸಿದರೆ ನಾಡು ಇನ್ನಷ್ಟು ಗಟ್ಟಿಯಾಗದೇ?" ಎಂದು. ಈ ಮಾತು ಕಿವಿಗೆ ಹಿತವಾದುದು, ಆದುದರಿಂದಲೇ ಅಪಾಯದ್ದು. ನಾವು ಬಯಸಿದ ಏಕೀಕರಣವು ಹರಿದು ಹಂಚಿಹೋದ ಸೀಮೆಗಳು ತಂತಮ್ಮ ನುಡಿಯೊಡನೆ ಒಂದು ಚಾವಡಿಗೆ ಬಂದು ಕೂಡುವ ಏಕೀಕರಣ. ಚಾವಡಿಯಲ್ಲಿ ಒಬ್ಬನೇ ಮಾತಾಡಿ ಉಳಿದವರು ತಲೆದೂಗುವುದಾದರೆ ಅದು ಸಭೆಯಲ್ಲ, ದರ್ಬಾರು. ಮುಂಬಯಿಯ ದರ್ಬಾರು ಬೇಡವೆಂದು ಬಂದವರಿಗೆ ಬೆಂಗಳೂರಿನ ದರ್ಬಾರು ಏಕೆ ರುಚಿಸಬೇಕು? ಮಂಗಳೂರಿನ ನಿಲಯವು ತುಳುವಿನಲ್ಲಿ, ಕೊಂಕಣಿಯಲ್ಲಿ ಮಾತಾಡುತ್ತದೆ. ಮಡಿಕೇರಿಯದು ಕೊಡವ ಭಾಷೆಯಲ್ಲಿ ಮಾತಾಡುತ್ತದೆ. ಅದರಿಂದ ಕರ್ನಾಟಕವು ಒಂದಂಗುಲವೂ ಕುಗ್ಗಲಿಲ್ಲ. ತಲಪಾಡಿಯ ಆಚೆಗೆ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ಕನ್ನಡಿಗನಿಗೆ ಮಂಗಳೂರಿನ ಧ್ವನಿ ತನ್ನ ಮನೆಯ ಧ್ವನಿಯಾಗಿ ಕೇಳಿಸುವುದು ಅದು ಮಂಗಳೂರಿನದೇ ಆಗಿರುವುದರಿಂದ; ಬೆಂಗಳೂರಿನ ಪ್ರತಿಧ್ವನಿಯಾಗಿದ್ದರೆ ಅವನಿಗೆ ಅದರ ಗರಜು ಏನಿದ್ದೀತು?

ದೂರದ ಕಚೇರಿಯವರು ಊರಿನ ಕಿವಿಯನ್ನು ತಿಳಿಯದೆ ಕೊಟ್ಟ ತೀರ್ಪು ಎಂಥದಿರುತ್ತದೆಂಬುದಕ್ಕೆ ಒಂದು ಹಳೆಯ ಉದಾಹರಣೆಯುಂಟು. 1940ರ ಮಾರ್ಚಿಯಲ್ಲಿ ದಿಲ್ಲಿಯ ರೇಡಿಯೋ ಅಧಿಕಾರಿಗಳು ಹಾರ್ಮೋನಿಯಮನ್ನು ನಿಲಯಗಳಿಂದ ಹೊರಹಾಕಿದರು. ಅದು ಪರದೇಶಿ ವಾದ್ಯ, ಅದರ ಸ್ವರಗಳು ನಮ್ಮ ರಾಗಗಳಿಗೆ ಒಗ್ಗವು ಎಂಬುದು ಕಾರಣ. ಸ್ವಾತಂತ್ರ್ಯ ಬಂದಿತು, ಸರಕಾರ ಬದಲಾಯಿತು. ಹಾರ್ಮೋನಿಯಮಿನ ಗಡೀಪಾರು ಮಾತ್ರ ಮುಗಿಯಲಿಲ್ಲ. 1971ರ ಸುಮಾರಿಗೆ ಅದು ಸಡಿಲಾಯಿತು, ಅದೂ ಅರೆಬರೆ. ಹಾಗಾಗಿ ಧಾರವಾಡದ ನಿಲಯವು ಹುಟ್ಟಿದ್ದೇ ಈ ನಿಷೇಧದ ನೆರಳಿನಲ್ಲಿ. ನಮ್ಮ ಉತ್ತರ ಕರ್ನಾಟಕದಲ್ಲಿ 'ಪೇಟಿ' ಇಲ್ಲದ ಭಜನೆಯುಂಟೇ? ಪೇಟಿಯಿಲ್ಲದೆ ನಾಟಕದ ಕಂಪನಿಯೊಂದು ಪರದೆ ಎತ್ತಿದ್ದನ್ನು ಯಾರಾದರೂ ಕಂಡಿದ್ದಾರೆಯೇ? ರೇಡಿಯೋದ ಹೊರಗೆ ಊರೆಲ್ಲ ಪೇಟಿ ನುಡಿಯಿತು, ಒಳಗೆ ಮಾತ್ರ ಇಪ್ಪತ್ತು ವರ್ಷ ಮೌನ! ಹಾರ್ಮೋನಿಯಮಿನ ಸ್ವರಗಳ ವಿಷಯದಲ್ಲಿ ಪಂಡಿತರು ಎತ್ತಿದ ಆಕ್ಷೇಪದಲ್ಲಿ ಹುರುಳಿರಬಹುದು. ಆ ಚರ್ಚೆ ನಮ್ಮದಲ್ಲ. ಧಾರವಾಡದ ನಿಲಯವು ತನ್ನ ವಾದ್ಯವನ್ನು ತಾನು ಆರಿಸಿಕೊಳ್ಳಲಾರದಾಗಿತ್ತೆಂಬುದಷ್ಟೇ ನಮ್ಮ ತಕರಾರು.

ಕಲೆಯ ಮಾತು ಒತ್ತಟ್ಟಿಗಿರಲಿ. 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಒಟ್ಟಿಗೆ ಉಕ್ಕಿದುವು. ಅದರ ಹಿಂದಿನ ವರ್ಷ ಕೊಡಗಿನಲ್ಲಿ ಗುಡ್ಡಗಳೇ ಕುಸಿದು ಬಿದ್ದುವು. ಅಂಥ ದಿನ ಮಾಳಿಗೆಯ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಕುಳಿತವನಿಗೆ ಬೇಕಾದ ಸುದ್ದಿ ಯಾವುದು? 'ಉತ್ತರ ಕರ್ನಾಟಕದಲ್ಲಿ ಭಾರಿ ಮಳೆ' ಎಂಬುದು ಅವನಿಗೆ ಸುದ್ದಿಯಲ್ಲ. ಅವನು ಅದರಲ್ಲಿಯೇ ತೋಯ್ದಿದ್ದಾನೆ. ನವಿಲುತೀರ್ಥದ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ಅದು ತನ್ನ ಊರನ್ನು ಎಷ್ಟು ಹೊತ್ತಿಗೆ ಮುಟ್ಟುತ್ತದೆ, ಯಾವ ಶಾಲೆಯಲ್ಲಿ ಗಂಜಿ ಬೇಯಿಸಿದ್ದಾರೆ, ದನಗಳಿಗೆ ಮೇವು ಎಲ್ಲಿದೆ, ಇದು ಸುದ್ದಿ. ವಿದ್ಯುತ್ತು ಹೋಗಿ, ಮೊಬೈಲಿನ ಗೋಪುರವೂ ಸತ್ತ ಮೇಲೆ ಎರಡು ಸೆಲ್ಲಿನ ರೇಡಿಯೋ ಒಂದು ಮಾತ್ರ ಬದುಕಿರುತ್ತದೆ. ಆದರೆ ಅದರಲ್ಲಿ ಮಾತಾಡುವವರು ಹತ್ತಿರದಲ್ಲಿಯೇ ಇರಬೇಕು. ಆ ಊರುಗಳ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಬಲ್ಲವರಾಗಿರಬೇಕು. ರಾಜ್ಯದ ಸಮಾಚಾರ ವಿಭಾಗವು ಬೆಂಗಳೂರಿನಲ್ಲಿರುವಂತೆ ಧಾರವಾಡದಲ್ಲಿಯೂ ಇರುವುದು ಇದಕ್ಕಾಗಿಯೇ. ಮಡಿಕೇರಿಗೂ ಕಾರವಾರಕ್ಕೂ ಅಂಥ ಅನುಕೂಲವೇಕೆ ಬೇಡ?

ಇನ್ನು ಕಾನೂನಿನ ಮಾತು. ಇದು ನಮ್ಮ ಕಸುಬಾದುದರಿಂದ ವಾಚಕರು ತುಸು ತಾಳ್ಮೆಯಿಂದ ಕೇಳಬೇಕು. 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಬಾನಿನ ತರಂಗಗಳು ಸಾರ್ವಜನಿಕರ ಸೊತ್ತೆಂದು ತೀರ್ಪಿತ್ತಿತು. 1990ರಲ್ಲಿ ಪಾಸಾಗಿ 1997ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಕಾಯಿದೆಯ 12ನೆಯ ಕಲಮು, ದೇಶದ ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿಗೂ ಭಾಷೆಗಳಿಗೂ ತಕ್ಕಷ್ಟು ಎಡೆ ಕೊಡುವುದು ಸಂಸ್ಥೆಯ ಕರ್ತವ್ಯವೆಂದು ವಿಧಿಸಿದೆ. ಅದಕ್ಕೂ ಮೊದಲು 1978ರಲ್ಲಿ ವರ್ಗೀಸ್ ಸಮಿತಿಯು ಅಧಿಕಾರವನ್ನು ದಿಲ್ಲಿಯಿಂದ ಕೆಳಗಿಳಿಸಬೇಕೆಂದು ಹೇಳಿತ್ತು. ಆ ವರದಿಗೆ ಕಪಾಟು ದೊರೆಯಿತು. ಇಷ್ಟು ಒಂದು ಕಡೆ. ಇನ್ನೊಂದು ಕಡೆ, ಖಾಸಗಿ ಎಫ್.ಎಂ. ನಿಲಯಗಳು ತಮ್ಮದೇ ಸುದ್ದಿಯನ್ನು ಸಂಗ್ರಹಿಸಿ ಹೇಳಕೂಡದೆಂದು ಸರಕಾರವು ನಿಯಮ ಮಾಡಿತು. ಆಕಾಶವಾಣಿಯ ಸುದ್ದಿಯನ್ನು ಇದ್ದಕ್ಕಿದ್ದಂತೆ ಒಪ್ಪಿಸಬಹುದು, ಅಷ್ಟೇ. ಸಮುದಾಯ ರೇಡಿಯೋಗಳಿಗೂ ಅದೇ ಕಟ್ಟು. ಹವಾಮಾನ, ಸಂಚಾರ, ನೀರು ವಿದ್ಯುತ್ತುಗಳ ಪ್ರಕಟಣೆಗೆ ಮಾತ್ರ ಅಡ್ಡಿಯಿಲ್ಲ. ಅರ್ಥಾತ್, ನಾಳೆ ನಳದಲ್ಲಿ ನೀರು ಬರುವುದಿಲ್ಲವೆಂದು ಹೇಳಬಹುದು; ಏಕೆ ಬರುವುದಿಲ್ಲವೆಂದು ಕೇಳಕೂಡದು. ಖಾಸಗಿ ನಿಲಯಗಳಿಗೆ ಗಂಟೆಗೆ ಹತ್ತು ನಿಮಿಷದ ಸುದ್ದಿಗೆ ಅನುಮತಿ ಕೊಡಿರೆಂದು ಟ್ರಾಯ್ ಸಂಸ್ಥೆಯು 2023ರಲ್ಲಿ ಶಿಫಾರಸು ಮಾಡಿತು.

ಕೋಲಾರ ಜಿಲ್ಲೆಯ ಬೂದಿಕೋಟೆಯವರ ಸಾಹಸವನ್ನು ಇಲ್ಲಿ ನೆನೆಯದಿರಲಾರೆವು. 2003ರಲ್ಲಿ ಆ ಹಳ್ಳಿಯವರು 'ನಮ್ಮ ಧ್ವನಿ'ಯನ್ನು ಆರಂಭಿಸಿದಾಗ ಅಂಥವರಿಗೆ ಬಾನನ್ನು ಬಳಸುವ ಪರವಾನಗಿಯೇ ಇರಲಿಲ್ಲ. ಆ ಭಾಗ್ಯವು ವಿದ್ಯಾಸಂಸ್ಥೆಗಳಿಗೆ ಮಾತ್ರ. ಅವರು ಟೆಲಿವಿಷನ್ನಿನ ಕೇಬಲ್ ತಂತಿಯ ಮೂಲಕ ತಮ್ಮ ಮಾತನ್ನು ಮನೆಮನೆಗೆ ಮುಟ್ಟಿಸಿದರು. ಬಾನು ಸಾರ್ವಜನಿಕರ ಸೊತ್ತೆಂದು ಕೋರ್ಟು ಸಾರಿ ಎಂಟು ವರ್ಷವಾದ ಮೇಲೂ ಸಾರ್ವಜನಿಕರು ನೆಲದ ಮೇಲೆ ತಂತಿ ಎಳೆಯಬೇಕಾಯಿತು! ಅಂಥ ಸಂಸ್ಥೆಗಳಿಗೆ ಬಾಗಿಲು ತೆರೆದುದು 2006ರಲ್ಲಿ.

ಆದುದರಿಂದ ನಮ್ಮ ವಾದವು ಇಷ್ಟೇ. ಊರಿನ ಸುದ್ದಿಯನ್ನು ಬಾನಿನಲ್ಲಿ ಹೇಳುವ ಹಕ್ಕನ್ನು ಕಾನೂನು ಆಕಾಶವಾಣಿಯೊಂದಕ್ಕೇ ಕಟ್ಟಿಕೊಟ್ಟಿತು. ಹಕ್ಕನ್ನು ಒಬ್ಬನೇ ಇಟ್ಟುಕೊಂಡವನು ಕರ್ತವ್ಯವನ್ನೂ ಒಬ್ಬನೇ ಹೊರಬೇಕು. ತಾನೂ ಉಳದೆ, ಉಳುವವನಿಗೂ ಬಿಡದೆ ಹೊಲವನ್ನು ಪಾಳುಗೆಡಹುವ ಇನಾಮದಾರನನ್ನು ಯಾವ ಕೋರ್ಟು ಮೆಚ್ಚೀತು?

"ಈಗ ರೇಡಿಯೋ ಕೇಳುವವರು ಯಾರು? ಎಲ್ಲವೂ ಮೊಬೈಲಿನಲ್ಲಿ ಬರುತ್ತದೆ" ಎನ್ನುವರುಂಟು. ಮೊಬೈಲಿನಲ್ಲಿ ಎಲ್ಲವೂ ಬರುತ್ತದೆ, ನಿಜ. ಕಟ್ಟೆ ಒಡೆಯಿತೆಂಬ ಸುಳ್ಳೂ ಬರುತ್ತದೆ. ಆ ಸುಳ್ಳನ್ನು ಸುಳ್ಳೆಂದು ಹೇಳುವುದಕ್ಕೆ ಊರಿನಲ್ಲಿ ಹೆಸರುಳ್ಳ, ನಾಳೆಯೂ ಅಲ್ಲಿಯೇ ಇರಬೇಕಾದ ಒಂದು ಧ್ವನಿ ಬೇಕು. ಆಕಾಶವಾಣಿಯ ನಿಲಯಗಳೂ ಈಗ ಮೊಬೈಲಿನಲ್ಲಿ ಕೇಳಿಸುತ್ತವೆ. ಆದರೆ ಹಳೆಯ ಪೆಟ್ಟಿಗೆಯಲ್ಲಿ ಕೇಳಿದರೂ ಹೊಸ ಫೋನಿನಲ್ಲಿ ಕೇಳಿದರೂ ಮರುಪ್ರಸಾರವು ಮರುಪ್ರಸಾರವೇ. ಖರ್ಚಿನ ಮಾತೆತ್ತುವ ಅಧಿಕಾರಿಗಳು ವಿಲಾಯತಿಯ ಕಡೆಗೆ ಬೊಟ್ಟು ಮಾಡಬಹುದು. ಇಂಗ್ಲಂಡದಲ್ಲಿ ಬಿ.ಬಿ.ಸಿ.ಯು ತನ್ನ 39 ಸ್ಥಳೀಯ ನಿಲಯಗಳು ಮಧ್ಯಾಹ್ನ ಎರಡರ ಮೇಲೆ ಕಾರ್ಯಕ್ರಮಗಳನ್ನು ತಮ್ಮೊಳಗೆ ಹಂಚಿಕೊಳ್ಳಬೇಕೆಂದು 2022ರಲ್ಲಿ ಸಾರಿದ್ದುಂಟು. ಆದರೆ ಮರುವರ್ಷ ಅಲ್ಲಿಯ ಪತ್ರಕರ್ತರು ಕೆಲಸ ಬಿಟ್ಟು ಬೀದಿಗಿಳಿದುದನ್ನೂ ಹೇಳಬೇಕಷ್ಟೆ. ನಮ್ಮಲ್ಲಿ ನಿಲಯಗಳ ಕಾರ್ಯಕ್ರಮ ನಿರ್ವಾಹಕರು ನಿವೃತ್ತರಾದಂತೆ ಕುರ್ಚಿಗಳು ಬರಿದಾಗುತ್ತಿವೆ, ತಾತ್ಕಾಲಿಕ ಉದ್ಘೋಷಕರು ಪಾಳಿಯ ಲೆಕ್ಕದಲ್ಲಿ ದುಡಿಯುತ್ತಿದ್ದಾರೆ. ಬೀದಿಗಿಳಿಯುವುದು ಹೋಗಲಿ, ಒಂದು ತಾಲೂಕು ಸಭೆಯಲ್ಲಿಯಾದರೂ ಇದರ ಠರಾವು ಆದುದನ್ನು ನಾವು ಕೇಳಿಲ್ಲ. ನಿಲಯವು ಬೇಕೆಂದು ಅರ್ಜಿ ಬರೆದವರ ಮೊಮ್ಮಕ್ಕಳು ಅದು ಮೂಕವಾಗುವುದನ್ನು ಸುಮ್ಮನೆ ನೋಡುತ್ತಿದ್ದಾರೆ. ಇದರಲ್ಲಿ ನಮ್ಮ ಪಾಲೂ ಇದೆ. ಈ ಪತ್ರಿಕೆಯೂ ಇಷ್ಟು ದಿನ ಇದನ್ನು ಬರೆಯಲಿಲ್ಲ.

ಈಗ ವಾಚಕರಲ್ಲಿ ನಮ್ಮ ಕೇಳಿಕೆ. ಬರುವ ಸೋಮವಾರ ಮುಂಜಾನೆಯಿಂದ ರಾತ್ರಿಯ ತನಕ ತಮ್ಮ ತಮ್ಮ ಸೀಮೆಯ ನಿಲಯವನ್ನು ಸರದಿಯ ಮೇಲೆ ಮನೆಯವರೆಲ್ಲ ಕೂಡಿ ಕೇಳಬೇಕು. ಗಡಿಯಾರವನ್ನು ಮುಂದಿಟ್ಟುಕೊಂಡು, ಆ ದಿನ ಎಷ್ಟು ನಿಮಿಷ ಆ ನಿಲಯದ ಊರಿನಲ್ಲಿಯೇ ಹುಟ್ಟಿದ ಮಾತು ಅಥವಾ ಹಾಡು ಬಂದಿತು, ಎಷ್ಟು ನಿಮಿಷ ಬೇರೆಡೆಯದನ್ನು ಎತ್ತಿ ಕೊಟ್ಟರು ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು, ಒಂದು ಪ್ರತಿಯನ್ನು ನಿಲಯದ ಮುಖ್ಯಸ್ಥರಿಗೂ ಒಂದನ್ನು ನಮಗೂ ಕಳುಹಿಸಬೇಕು. ಬಂದ ಲೆಕ್ಕವನ್ನು ನಿಲಯವಾರಾಗಿ ವಿಂಗಡಿಸಿ, ಯಾರ ಮುಲಾಜೂ ಇಲ್ಲದೆ, ಇದೇ ಅಂಕಣದಲ್ಲಿ ಅಚ್ಚು ಹಾಕುವೆವು.