ಹಣೆಪಟ್ಟಿಯಲ್ಲಿ ಹೆಸರಿಲ್ಲದ ಪಾಲುದಾರರು

ಹಣ್ಣಿನ ರಸ ಸೇರಿಸಿ, ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇರಿಸಿ ಹದಗೊಳಿಸಿದ, ಹಲವು ಸಣ್ಣ ಬ್ರೂವರಿಗಳು ಜೊತೆಗೂಡಿ ತಯಾರಿಸಿದ ಲಾಗರ್ ಬಿಯರ್: ಅಮೆರಿಕ ಮತ್ತು ಯುರೋಪಿನ ನಗರಗಳಲ್ಲಿ ಇಂಥ ಬಾಟಲಿಗಳು ದೊಡ್ಡ ಸುದ್ದಿಯೊಂದಿಗೆ ಮಾರುಕಟ್ಟೆಗೆ ಬರುತ್ತಿವೆ. ದೈತ್ಯ ಕಂಪನಿಗಳ ಒಂದೇ ರುಚಿಯ ಬಿಯರಿಗೆ ಎದುರಾಗಿ ಹುಟ್ಟಿದವು ಕ್ರಾಫ್ಟ್ ಬ್ರೂವರಿಗಳು, ಅಂದರೆ ಸಣ್ಣ ಪ್ರಮಾಣದಲ್ಲಿ ಸ್ವಂತ ಪಾಕದಿಂದ ಬಿಯರ್ ಮಾಡುವ ಘಟಕಗಳು. ಅವು ಪೈಪೋಟಿಯನ್ನು ಬದಿಗಿಟ್ಟು ಒಂದೇ ಕಡಾಯಿಯ ಸುತ್ತ ನಿಲ್ಲುತ್ತವೆ. ಬಾಟಲಿಯ ಹಣೆಪಟ್ಟಿಯಲ್ಲಿ ಎಲ್ಲ ಬ್ರೂವರಿಗಳ ಹೆಸರೂ ಅಚ್ಚಾಗುತ್ತದೆ. ಇದನ್ನು ಸಹಯೋಗದ ಬಿಯರ್ ಎಂದು ಕರೆಯುತ್ತಾರೆ.

ಆ ಪಟ್ಟಿ ಪೂರ್ಣವೇ ಎಂಬುದು ಇಲ್ಲಿನ ಪ್ರಶ್ನೆ. ಹಣ್ಣು ತೋಟದಿಂದ ಬಂದಿದೆ, ಪೀಪಾಯಿ ಕಾಡಿನಿಂದ ಬಂದಿದೆ, ನೀರು ನದಿಯಿಂದಲೋ ಅಂತರ್ಜಲದಿಂದಲೋ ಬಂದಿದೆ. ಬಿಯರನ್ನು ಬಿಯರಾಗಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಮೂಲವೂ ಕಾಡೇ. ಇವುಗಳಲ್ಲಿ ಒಂದರ ಹೆಸರೂ ಪಾಲುದಾರರ ಸಾಲಿನಲ್ಲಿ ಇರುವುದಿಲ್ಲ. ಹಣ್ಣು ಮತ್ತು ಓಕ್‌ಗಳ ಹೆಸರು ಇದ್ದರೂ ಅದು ರುಚಿಯ ಜಾಹೀರಾತಾಗಿ ಮಾತ್ರ.

ಮದ್ಯಪಾನದ ಒಳಿತು ಕೆಡುಕುಗಳ ಚರ್ಚೆ ಬೇರೆ. ಹೆಂಡದಿಂದ ಹಾಳಾದ ಮನೆಗಳನ್ನು ಗುಡ್ಡಗಾಡಿನ ಹೆಣ್ಣುಮಕ್ಕಳು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಇಲ್ಲಿ ಬಾಟಲಿಯನ್ನು ಎತ್ತಿಕೊಂಡಿರುವುದು ಅದರಲ್ಲಿ ಒಂದು ಲೆಕ್ಕ ಅಡಗಿದೆ ಎಂಬ ಕಾರಣಕ್ಕೆ. ಕಾಡು ಮತ್ತು ಕೃಷಿ ಕೊಟ್ಟದ್ದನ್ನು ಪಡೆದವರು ಅದರ ಋಣವನ್ನು ಹೇಗೆ ತೀರಿಸುತ್ತಾರೆ, ಅಥವಾ ಹೇಗೆ ತೀರಿಸದೆ ಉಳಿಯುತ್ತಾರೆ ಎಂಬುದು ಆ ಲೆಕ್ಕ.

ಯೀಸ್ಟ್ ಬಂದ ಕಾಡು

ದೋಸೆಹಿಟ್ಟು ಬೇಸಿಗೆಯಲ್ಲಿ ಬೇಗ ಹುಳಿಬರುತ್ತದೆ, ಮಳೆಗಾಲದ ಥಂಡಿಯಲ್ಲಿ ತಡವಾಗುತ್ತದೆ. ಬಿಯರ್ ಮಾಡುವ ಯೀಸ್ಟಿನ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ. ಲಾಗರಿನ ಯೀಸ್ಟ್ ಮಾತ್ರ ಇದಕ್ಕೆ ಹೊರತು. ಅದು ಚಳಿಯಲ್ಲಿಯೂ ಸಾವಧಾನವಾಗಿ ಕೆಲಸ ಮಾಡುತ್ತದೆ. ಅದು ಎರಡು ಜಾತಿಗಳ ಮಿಶ್ರತಳಿ. ಒಂದು, ಬ್ರೆಡ್ಡಿಗೂ ಬಿಯರಿಗೂ ಮನುಷ್ಯರು ಸಾವಿರಾರು ವರ್ಷಗಳಿಂದ ಬಳಸುತ್ತಿರುವ ಯೀಸ್ಟ್. ಚಳಿಯ ಗುಣವನ್ನು ಕೊಟ್ಟ ಇನ್ನೊಂದು ಜಾತಿ ಯಾವುದೆಂಬುದು ಬಹುಕಾಲ ತಿಳಿದಿರಲಿಲ್ಲ. 2011ರಲ್ಲಿ ಅರ್ಜೆಂಟೀನಾ, ಪೋರ್ಚುಗಲ್ ಮತ್ತು ಅಮೆರಿಕದ ವಿಜ್ಞಾನಿಗಳು ಅದನ್ನು ದಕ್ಷಿಣ ಅಮೆರಿಕದ ಪಟಗೋನಿಯಾದಲ್ಲಿ ಗುರುತಿಸಿದರು. ಆಂಡೀಸ್ ಪರ್ವತಗಳ ತಪ್ಪಲಿನ ನೊಥೊಫೇಗಸ್ ಮರಗಳ ಕಾಡಿನಲ್ಲಿ, ಅಣಬೆಯೊಂದು ಕೊಂಬೆಗಳ ಮೇಲೆ ಉಂಟುಮಾಡುವ ಗಂಟುಗಳ ಬಳಿ ಅದು ವಾಸವಾಗಿತ್ತು. ಮುಂದೆ ಟಿಬೆಟ್ಟಿನಲ್ಲಿಯೂ, 2022ರಲ್ಲಿ ಐರ್ಲೆಂಡಿನಲ್ಲಿಯೂ ಅದೇ ಜಾತಿ ಕಂಡುಬಂತು.

ಆ ಅಣಬೆಯನ್ನು ವಿಜ್ಞಾನಿಗಳಿಗಿಂತ ಬಹಳ ಮೊದಲೇ ಅಲ್ಲಿನ ಮೂಲನಿವಾಸಿಗಳು ಬಲ್ಲವರಾಗಿದ್ದರು. ದಕ್ಷಿಣ ಅಮೆರಿಕದ ತುದಿಯ ಜನ ಅದನ್ನು ಆಹಾರವಾಗಿ ತಿನ್ನುತ್ತಿದ್ದುದನ್ನು 19ನೆಯ ಶತಮಾನದಲ್ಲಿಯೇ ಚಾರ್ಲ್ಸ್ ಡಾರ್ವಿನ್ ದಾಖಲಿಸಿದ್ದಾನೆ. 2016ರಲ್ಲಿ ಹೈನೆಕೆನ್ ಕಂಪನಿ ಈ ಕಾಡು ಯೀಸ್ಟಿನಿಂದ ಲಾಗರೊಂದನ್ನು ತಯಾರಿಸಿ, ಪಟಗೋನಿಯಾದ 41ನೆಯ ಅಕ್ಷಾಂಶವನ್ನು ನೆನಪಿಸುವಂತೆ ‘ಎಚ್41’ ಎಂದು ಹೆಸರಿಟ್ಟು ಮಾರಿತು. ಅರ್ಜೆಂಟೀನಾದ ಸರ್ಕಾರಿ ಸಂಶೋಧನಾ ಸಂಸ್ಥೆಯೊಂದಿಗೆ ಅದು ಒಪ್ಪಂದ ಮಾಡಿಕೊಂಡಿತ್ತು. ಕಾನೂನಿನ ದೃಷ್ಟಿಯಲ್ಲಿ ಅಲ್ಲಿಗೆ ಮುಗಿಯಿತು. ಆದರೆ ಒಪ್ಪಂದದ ಒಂದು ಬದಿಯಲ್ಲಿದ್ದುದು ಕಂಪನಿ, ಇನ್ನೊಂದು ಬದಿಯಲ್ಲಿದ್ದುದು ಪ್ರಯೋಗಾಲಯ. ಆ ಮರಗಳನ್ನು ತಲೆಮಾರುಗಳಿಂದ ಬಲ್ಲ ಜನರಿಗೆ, ಆ ಮರಗಳು ಕಾಡ್ಗಿಚ್ಚಿಗೆ ಬಲಿಯಾಗದಂತೆ ಕಾಯುವ ಕೆಲಸಕ್ಕೆ, ಅಕ್ಷಾಂಶದ ಹೆಸರಿನ ಹೊರತು ಬಾಟಲಿಯಿಂದ ಏನು ಸಂದಿತು ಎಂದು ಕೇಳುವ ಹಕ್ಕು ಎಲ್ಲ ಗುಡ್ಡಗಾಡಿನ ಜನರಿಗೂ ಇದೆ.

ತೋಟವೂ ಇಲ್ಲ, ಕಾಡೂ ಇಲ್ಲ

ಹಣ್ಣಿನ ಬಿಯರಿನ ಪರಂಪರೆಯಲ್ಲಿ ಬೆಲ್ಜಿಯಮ್ಮಿನ ಕ್ರೀಕ್ ಪ್ರಸಿದ್ಧವಾದುದು. ಅದು ಲಾಗರ್ ಅಲ್ಲ. ಲ್ಯಾಂಬಿಕ್ ಎಂಬ ಹುಳಿ ಬಿಯರಿನಲ್ಲಿ ಚೆರ್ರಿ ಹಣ್ಣುಗಳನ್ನು ನೆನೆಸಿ ಮಾಡುವಂಥದು. ಇಂದಿನ ಹಣ್ಣಿನ, ಓಕಿನ ಬಿಯರುಗಳು ಬಹುಮಟ್ಟಿಗೆ ಅದರಿಂದಲೇ ಸ್ಫೂರ್ತಿ ಪಡೆದಿವೆ. ಬ್ರಸೆಲ್ಸ್ ನಗರದ ಪಕ್ಕದ ಸ್ಕಾರ್ಬೇಕ್ ಎಂಬ ಊರಿನ ಚೆರ್ರಿ ಇದಕ್ಕೆ ಹೆಸರುವಾಸಿಯಾಗಿತ್ತು. ನಗರ ಬೆಳೆದು ಆ ಊರನ್ನು ನುಂಗಿತು. ಇಂದು ಅದು ಮನೆಗಳು ಒತ್ತೊತ್ತಾಗಿ ನಿಂತಿರುವ ಬಡಾವಣೆ. ಸ್ಕಾರ್ಬೇಕ್ ಚೆರ್ರಿ ಈಗ ಅಪರೂಪದ ಹಣ್ಣು. ಹೆಚ್ಚಿನ ಚೆರ್ರಿ ಪೋಲೆಂಡಿನಂಥ ಹೊರದೇಶಗಳಿಂದ ಬರುತ್ತದೆ. ಬಿಯರ್ ಉಳಿಯಿತು, ತೋಟ ಉಳಿಯಲಿಲ್ಲ. ಹಣ್ಣಿನ ಹೆಸರಿಗೆ ಬಂದ ಬೆಲೆ ಹಣ್ಣಿನ ಮರಕ್ಕೆ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಓಕಿನ ಕಥೆಯಲ್ಲಿ ಕಾಲವೇ ಮುಖ್ಯ. ಫ್ರಾನ್ಸಿನ ಟ್ರಾನ್ಸೇ ಅರಣ್ಯ 17ನೆಯ ಶತಮಾನದಲ್ಲಿ ಮಂತ್ರಿ ಕೋಲ್ಬೇರನ ಕಾಲದಲ್ಲಿ ಯುದ್ಧನೌಕೆಗಳ ಮರಕ್ಕಾಗಿ ವ್ಯವಸ್ಥಿತವಾದುದು. ಹಡಗುಗಳು ಕಬ್ಬಿಣದವಾದವು, ಮರಗಳು ಪೀಪಾಯಿಗಳಾದವು. ಒಳ್ಳೆಯ ಪೀಪಾಯಿಯ ಓಕ್ ಬಲಿಯಲು 150ರಿಂದ 200 ವರ್ಷಗಳೇ ಬೇಕು. ನೆಟ್ಟವನ ಮೊಮ್ಮಗನ ಮೊಮ್ಮಗನಿಗೂ ಅದರ ಹಲಗೆ ಸಿಗಲಾರದು. ಅಮೆರಿಕದಲ್ಲಿ ಬರ್ಬನ್ ವಿಸ್ಕಿಯನ್ನು ಹೊಸ ಓಕ್ ಪೀಪಾಯಿಯಲ್ಲಿಯೇ ಇಡಬೇಕೆಂಬ ಕಾನೂನಿದೆ. ಒಮ್ಮೆ ಬಳಸಿದ ಆ ಪೀಪಾಯಿಗಳನ್ನು ಕ್ರಾಫ್ಟ್ ಬ್ರೂವರಿಗಳು ಕೊಳ್ಳುತ್ತವೆ. ಈ ಮರುಬಳಕೆ ಮೆಚ್ಚಬೇಕಾದ ಸಂಗತಿಯೇ. ಆದರೆ ಆ ದೇಶದ ಕಾಡುಗಳಲ್ಲಿ ಬಲಿತ ಬಿಳಿ ಓಕ್‌ಗಳ ಕೆಳಗೆ ಎಳೆಯ ಓಕ್ ಸಸಿಗಳು ಸಾಕಷ್ಟು ಏಳುತ್ತಿಲ್ಲ ಎಂದು ಅರಣ್ಯತಜ್ಞರು ಎಚ್ಚರಿಸುತ್ತಿದ್ದಾರೆ. ಪೀಪಾಯಿಯ ಪರಿಮಳವನ್ನು ವರ್ಣಿಸುವ ಸಾಲುಗಳಲ್ಲಿ ಸಸಿಯ ಮಾತು ಎಲ್ಲಿದೆ?

ಚಳಿಯ ಲೆಕ್ಕ, ನೀರಿನ ಲೆಕ್ಕ

ಲಾಗರ್ ಎಂಬ ಪದ ಜರ್ಮನ್ ಭಾಷೆಯ ‘ಕೂಡಿಡು’ ಎಂಬರ್ಥದ ಮಾತಿನಿಂದ ಬಂದಿದೆ. ತಣ್ಣನೆಯ ನೆಲಮಾಳಿಗೆಯಲ್ಲಿ ವಾರಗಟ್ಟಲೆ ಕೂಡಿಟ್ಟು ಹದಗೊಳಿಸಿದ್ದು ಲಾಗರ್. ಬವೇರಿಯಾದಲ್ಲಿ 1553ರ ಆಜ್ಞೆಯೊಂದು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಕುದಿಸುವುದನ್ನು ನಿಷೇಧಿಸಿತು. ಸೆಕೆಯಲ್ಲಿ ಮಾಡಿದ್ದು ಕೆಡುತ್ತಿತ್ತು. ನೆಲಮಾಳಿಗೆಗಳು ತಂಪಾಗಿರಲೆಂದು ಅವುಗಳ ಮೇಲೆ ಅಗಲ ಎಲೆಯ ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಮ್ಯೂನಿಕ್ಕಿನ ಪ್ರಸಿದ್ಧ ಬಿಯರ್ ತೋಟಗಳು ಹುಟ್ಟಿದ್ದು ಹೀಗೆ. 1870ರ ದಶಕದಲ್ಲಿ ಕಾರ್ಲ್ ಲಿಂಡೆಯ ಶೀತಕ ಯಂತ್ರ ಬಂದಿತು. ಅಂದಿನಿಂದ ಋತುವಿನ ಹಂಗಿಲ್ಲದೆ ಯಾವ ಊರಿನಲ್ಲಾದರೂ, ಉರಿಬೇಸಿಗೆಯಲ್ಲಾದರೂ ಲಾಗರ್ ಮಾಡಬಹುದಾಯಿತು. ಮರ ಕೊಡುತ್ತಿದ್ದ ತಂಪನ್ನು ವಿದ್ಯುತ್ತು ಕೊಡತೊಡಗಿತು. ಆ ವಿದ್ಯುತ್ತಿಗಾಗಿ ಕಣಿವೆ ಮುಳುಗಿದರೆ, ಕಲ್ಲಿದ್ದಲು ಉರಿದರೆ ಅದು ಬೇರೆಯವರ ಊರಿನ ವಿಷಯವಾಯಿತು.

ನೀರಿನದೂ ಅಷ್ಟೇ. ದಕ್ಷವೆನಿಸಿದ ದೊಡ್ಡ ಘಟಕದಲ್ಲಿಯೂ ಒಂದು ಲೀಟರ್ ಬಿಯರಿಗೆ ಸುಮಾರು 3ರಿಂದ 4 ಲೀಟರ್ ನೀರು ಬೇಕು. ಸಣ್ಣ ಘಟಕಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಬಾರ್ಲಿ, ಹಾಪ್ಸ್, ಹಣ್ಣು ಬೆಳೆಯಲು ಹೊಲ ಕುಡಿದ ನೀರು ಈ ಲೆಕ್ಕದಲ್ಲಿ ಸೇರಿಲ್ಲ. ಮೆಕ್ಸಿಕೋದ ಒಣ ಗಡಿನಾಡಾದ ಮೆಹಿಕಾಲಿಯಲ್ಲಿ ಅಮೆರಿಕದ ಕಾನ್‌ಸ್ಟೆಲೇಷನ್ ಬ್ರಾಂಡ್ಸ್ ಕಂಪನಿ ದೈತ್ಯ ಬ್ರೂವರಿಯನ್ನು ಕಟ್ಟುತ್ತಿದ್ದಾಗ ರೈತರೂ ನಾಗರಿಕರೂ ವರ್ಷಗಟ್ಟಲೆ ಹೋರಾಡಿದರು. 2020ರ ಮಾರ್ಚಿಯಲ್ಲಿ ನಡೆದ ಜನಾಭಿಪ್ರಾಯ ಸಂಗ್ರಹದಲ್ಲಿ ಮತ ಚಲಾಯಿಸಿದವರ ಪೈಕಿ ಶೇ. 76ರಷ್ಟು ಮಂದಿ ಅದು ಬೇಡವೆಂದರು. ಸರ್ಕಾರ ಅನುಮತಿ ನಿರಾಕರಿಸಿತು. ಕೇರಳದ ಪ್ಲಾಚಿಮಡದಲ್ಲಿ 2004ರಲ್ಲಿ ತಂಪುಪಾನೀಯದ ಕಾರ್ಖಾನೆಯ ಬಾಗಿಲು ಮುಚ್ಚಿಸಿದ ಹೋರಾಟವನ್ನು ಬಲ್ಲವರಿಗೆ ಇದು ಹೊಸ ಕಥೆಯೆನಿಸದು.

ಈಗ ಯಂತ್ರಕ್ಕೂ ಮೀರಿದ ಸೆಕೆ ಬರುತ್ತಿದೆ. ಯುರೋಪಿನ ಹಾಪ್ಸ್ ಬೆಳೆಯನ್ನು ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೊಂದಾಣಿಕೆಯ ಕ್ರಮ ಕೈಗೊಳ್ಳದಿದ್ದರೆ 2050ರ ಹೊತ್ತಿಗೆ ಇಳುವರಿ ಶೇ. 4ರಿಂದ 18ರಷ್ಟು, ಕಹಿಯ ಅಂಶ ಶೇ. 20ರಿಂದ 31ರಷ್ಟು ಇಳಿಯಬಹುದೆಂದು ಅಂದಾಜಿಸಿದೆ. ಹೊಲದ ಚಳಿಯನ್ನು ತಯಾರಿಸುವ ಯಂತ್ರವನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಸಣ್ಣವರನ್ನು ದೂರುವುದೇಕೆ?

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ದೈತ್ಯರ ಎದುರು ಹೆಣಗುತ್ತಿರುವ ಸಣ್ಣ ಬ್ರೂವರಿಗಳನ್ನು ದೂರುವುದು ನ್ಯಾಯವೇ? ಸಣ್ಣದು ಎಂಬುದೇ ಒಂದು ಪುಣ್ಯವೆಂಬ ಭಾವನೆ ಪರಿಸರ ಚಳವಳಿಗಳಲ್ಲಿಯೂ ಇದೆ. ಆದರೆ ಗಾತ್ರ ಶಾಶ್ವತವಲ್ಲ. ಬರ್ಬನ್ ಪೀಪಾಯಿಯಲ್ಲಿ ಬಿಯರ್ ಹದಗೊಳಿಸಿ ಖ್ಯಾತವಾದ ಷಿಕಾಗೋದ ಗೂಸ್ ಐಲೆಂಡ್ ಬ್ರೂವರಿಯನ್ನು 2011ರಲ್ಲಿ ಜಗತ್ತಿನ ಅತಿದೊಡ್ಡ ಬಿಯರ್ ಸಮೂಹ ಕೊಂಡುಕೊಂಡಿತು. ಕಾಡಿನೊಂದಿಗೆ, ರೈತನೊಂದಿಗೆ ಬರೆದುಕೊಂಡ ಕರಾರು ಇಲ್ಲದಿದ್ದರೆ ಸಣ್ಣವರ ಸದ್ಭಾವನೆಯೂ ಅಂಗಡಿಯೊಂದಿಗೆ ಮಾರಾಟವಾಗಿ ಹೋಗುತ್ತದೆ.

ನಿಜವಾದ ಸಹಯೋಗ ಸಾಧ್ಯವಿಲ್ಲವೆಂದಲ್ಲ. ಅದರ ಅಂಕುರ ಬೆಲ್ಜಿಯಮ್ಮಿನಲ್ಲಿಯೇ ಇದೆ. ಲ್ಯಾಂಬಿಕ್ಕಿಗೆ ಯಾರೂ ಯೀಸ್ಟ್ ಕೊಂಡುತಂದು ಹಾಕುವುದಿಲ್ಲ. ಕುದಿಸಿದ ರಸವನ್ನು ಚಳಿಗಾಲದ ರಾತ್ರಿ ಮಾಳಿಗೆಯ ಅಗಲವಾದ ತೆರೆದ ತೊಟ್ಟಿಯಲ್ಲಿ ಆರಲು ಬಿಡುತ್ತಾರೆ. ಗಾಳಿಯಲ್ಲಿರುವ ಮತ್ತು ಆ ಕಟ್ಟಡದಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಬಂದು ಸೇರುತ್ತವೆ. ಮುಂದೆ ಒಂದರಿಂದ ಮೂರು ವರ್ಷ ಓಕ್ ಪೀಪಾಯಿಯ ವಾಸ. ಅಲ್ಲಿನ ತಯಾರಕರು 1997ರಲ್ಲಿ ಹೋರಾಲ್ ಎಂಬ ಸಂಘವನ್ನು ಕಟ್ಟಿಕೊಂಡರು. ಬೇರೆಬೇರೆ ಮನೆಗಳ ಲ್ಯಾಂಬಿಕ್‌ಗಳನ್ನು ಬೆರೆಸಿ ಒಂದೇ ಬಾಟಲಿಗೆ ತುಂಬುವ ರೂಢಿಯನ್ನೂ ಬೆಳೆಸಿದರು. ಸಾಂಪ್ರದಾಯಿಕ ವಿಧಾನದ ಹೆಸರುಗಳಿಗೆ ಯುರೋಪಿನ ಕಾನೂನು ರಕ್ಷಣೆಯೂ ಸಿಕ್ಕಿದೆ. ಸಿಹಿ ಸೇರಿಸಿದ ಅಗ್ಗದ ನಕಲುಗಳ ಎದುರು ಒಬ್ಬೊಬ್ಬರೇ ನಿಂತಿದ್ದರೆ ಇದು ಆಗುತ್ತಿರಲಿಲ್ಲ.

ಆದರೂ ಸಂಘವೂ ಕಾನೂನೂ ಕಾಪಾಡಲಾರದ ಒಂದು ವಸ್ತುವಿದೆ, ಚಳಿಯ ರಾತ್ರಿ. ಬ್ರಸೆಲ್ಸಿನ ಕ್ಯಾಂಟಿಯೋನ್ ಬ್ರೂವರಿಯಲ್ಲಿ 20ನೆಯ ಶತಮಾನದ ಆರಂಭದಲ್ಲಿ ವರ್ಷಕ್ಕೆ ಸುಮಾರು 165 ದಿನ ಇದಕ್ಕೆ ತಕ್ಕ ಹವೆ ದೊರೆಯುತ್ತಿತ್ತು. ಇತ್ತೀಚಿನ ದಶಕಗಳಲ್ಲಿ ಅದು ಸುಮಾರು 140ಕ್ಕೆ ಇಳಿಯಿತು. 2015ರ ನವೆಂಬರಿನಲ್ಲಿ ರಾತ್ರಿಗಳು ಬೆಚ್ಚಗಾಗಿ ಕೆಲಸವನ್ನೇ ನಿಲ್ಲಿಸಬೇಕಾಯಿತು. ತೊಟ್ಟಿಗೆ ಯಂತ್ರದ ತಂಪು ಕೊಟ್ಟರೆ ಸಾಲದೇ ಎನ್ನುವವರಿದ್ದಾರೆ. ಆಗ ಉಳಿಯುವುದು ಹಳೆಯ ಹೆಸರು ಮಾತ್ರ. ಊರಿನ ಗಾಳಿ ಮತ್ತು ಊರಿನ ಋತು ಕೂಡಿ ಮಾಡುತ್ತಿದ್ದ ಕೆಲಸ ಉಳಿಯುವುದಿಲ್ಲ.

ಮಲೆನಾಡಿಗೆ ಇದರ ಪಾಠ

ಬೆಂಗಳೂರಿನಲ್ಲಿ 2010ರ ದಶಕದಲ್ಲಿ ಹಬ್ಬಿದ ಮೈಕ್ರೋಬ್ರೂವರಿಗಳು ಮಾವಿನ ಕಾಲದಲ್ಲಿ ಮಾವಿನ ಬಿಯರನ್ನು ಕೊಡುತ್ತವೆ. ನಾಳೆ ಮುರುಗಲು, ನೇರಳೆ, ಕಾಡುಹಲಸುಗಳ ಸರದಿ ಬರುವುದಿಲ್ಲವೆನ್ನಲು ಕಾರಣವಿಲ್ಲ. ಹೊರಗಿನ ಬೇಡಿಕೆ ಕಾಡಿನ ಹಣ್ಣಿಗೆ ಏನು ಮಾಡಬಲ್ಲದು ಎಂಬುದನ್ನು ಉತ್ತರ ಕನ್ನಡ ಈಗಾಗಲೇ ಕಂಡಿದೆ. 1990ರ ದಶಕದಲ್ಲಿ ಬೊಜ್ಜು ಕರಗಿಸುವ ಔಷಧದ ಹೆಸರಿನಲ್ಲಿ ಉಪ್ಪಾಗೆಗೆ ವಿದೇಶದಿಂದ ಬೇಡಿಕೆ ಬಂದಾಗ ಹಣ್ಣಾಗುವ ಮೊದಲೇ ಕಾಯಿ ಕಿತ್ತರು, ಕೊಂಬೆಗಳನ್ನೇ ಕಡಿದರು, ಸಿಪ್ಪೆ ಒಣಗಿಸಲು ಅದೇ ಕಾಡಿನ ಸೌದೆ ಉರಿಸಿದರು. ಆತುರಕ್ಕೆ ಕಾರಣ ಹಳ್ಳಿಗರ ದುರಾಸೆಯೆಂದು ಷರಾ ಬರೆದವರುಂಟು. ಇಂದು ಕೀಳದಿದ್ದರೆ ನಾಳೆ ಇನ್ನೊಬ್ಬ ಕಿತ್ತಾನು ಎಂಬ ಸ್ಥಿತಿಯನ್ನು ಸೃಷ್ಟಿಸಿದ ಮಾರುಕಟ್ಟೆಯ ಬಗ್ಗೆ ಅವರು ಮಾತನಾಡಲಿಲ್ಲ.

ಕಾನೂನು ಇಲ್ಲದಿಲ್ಲ. 2002ರ ಜೀವವೈವಿಧ್ಯ ಕಾಯಿದೆ ಸಸ್ಯ ಮತ್ತು ಪ್ರಾಣಿಗಳ ಜೊತೆಗೆ ಸೂಕ್ಷ್ಮಜೀವಿಗಳನ್ನೂ ಜೈವಿಕ ಸಂಪನ್ಮೂಲವೆಂದು ಒಪ್ಪಿದೆ. ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ವಾಣಿಜ್ಯಕ್ಕಾಗಿ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರ ಆ ಸಮಿತಿಗಿದೆ. ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು ಅನುಮತಿಯಿಲ್ಲದೆ ಬಿಟಿ ಬದನೆಗೆ ಬಳಸಿದರೆಂಬ ದೂರಿನ ಮೇಲೆ 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ನಿರ್ಧರಿಸಿದ್ದು ಈ ಕಾಯಿದೆಯ ಬಲದಿಂದಲೇ. 2023ರ ತಿದ್ದುಪಡಿ ಜೈಲುಶಿಕ್ಷೆಯನ್ನು ತೆಗೆದು ದಂಡವನ್ನಷ್ಟೇ ಉಳಿಸಿತು. ದಂಡವನ್ನು ಖರ್ಚಿನ ಬಾಬ್ತಿಗೆ ಸೇರಿಸಿಕೊಳ್ಳುವುದು ಶ್ರೀಮಂತ ಕಂಪನಿಗೆ ಎಷ್ಟು ಹೊತ್ತಿನ ಕೆಲಸ?

ಆದ್ದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಕಾಡಿನ ಇಲ್ಲವೇ ತೋಟದ ಹಣ್ಣಿನ ಹೆಸರಿನಲ್ಲಿ ಪಾನೀಯ ಮಾರುವವರು ಅದು ಯಾವ ಊರಿನದು, ಎಷ್ಟು ಬೆಲೆಗೆ ಕೊಂಡದ್ದು ಎಂಬುದನ್ನು ಬಹಿರಂಗಪಡಿಸಬೇಕು. ಎಷ್ಟು ಮರಗಳಿಂದ, ಯಾವ ತಿಂಗಳಲ್ಲಿ, ಎಷ್ಟು ಹಣ್ಣು ಕೀಳಬಹುದು ಎಂಬುದನ್ನು ಊರಿನ ಸಮಿತಿ ನಿರ್ಧರಿಸಬೇಕು. ಕಂಪನಿಯ ದಲ್ಲಾಳಿ ನಿರ್ಧರಿಸಬಾರದು. ಲಾಭದ ಪಾಲು ಮರಗಳ ಮರುಹುಟ್ಟಿಗೂ ಕಾಡ್ಗಿಚ್ಚಿನ ತಡೆಗೂ ಹಿಂದಿರುಗಬೇಕು. ಘಟಕ ಬಳಸಿದ ನೀರಿನ ಲೆಕ್ಕ ಪಂಚಾಯಿತಿಯ ಫಲಕದ ಮೇಲೆ ಬರಬೇಕು. ಪ್ರಯೋಗಾಲಯಕ್ಕೆ ಹೋಗುವ ಹಿಡಿ ಮಣ್ಣಿಗೂ ತೊಗಟೆಯ ಚೂರಿಗೂ ಗ್ರಾಮದ ದಾಖಲೆ ಇರಬೇಕು.

ಈ ಕೆಲಸಕ್ಕೆ ಪಟಗೋನಿಯಾಕ್ಕೋ ಬ್ರಸೆಲ್ಸಿಗೋ ಹೋಗಬೇಕಾಗಿಲ್ಲ. ಪ್ರತಿ ಪಂಚಾಯಿತಿಯಲ್ಲಿಯೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕೆಂಬ ನಿಯಮವಿದೆ. ಮುಂದಿನ ಗ್ರಾಮಸಭೆಗೆ ಮುಂಚೆ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಪಂಚಾಯಿತಿ ಕಚೇರಿಗೆ ಹೋಗಿ ಆ ಪುಸ್ತಕವನ್ನು ತೆರೆಸಿ ಓದಲಿ. ತಮ್ಮೂರಿನ ಉಪ್ಪಾಗೆ, ಮುರುಗಲು, ಅಪ್ಪೆಮರಗಳು ಅದರಲ್ಲಿ ಇವೆಯೇ ನೋಡಲಿ. ಇಲ್ಲದಿದ್ದರೆ ಅಲ್ಲಿಯೇ ಕುಳಿತು ಬರೆಸಲಿ. ಹೊರಗಿನವರು ಬಂದು ಹಣೆಪಟ್ಟಿ ಬರೆಯುವ ಮೊದಲು ಊರಿನ ಪಟ್ಟಿ ಸಿದ್ಧವಾಗಿರಬೇಕು.