ಬೆನ್ನಗಂಟಿನ ಅತಿಥಿಗಳು

ಅಳವಂಡಿಯ ಸೀಮೆಯವರಾದ ನಮಗೆ ಹಂಪೆಯು ನೆರೆಮನೆಯಿದ್ದಂತೆ. ಬೆನ್ನಿಗೆ ಗಂಟು ಕಟ್ಟಿಕೊಂಡು ದೂರದೇಶದಿಂದ ಬರುವ ತರುಣರಿಗೆ ಅದು ಪರದೇಶದ ಪಟ್ಟಣ. 1443ರಲ್ಲಿ ಪಾರಸೀಕ ದೇಶದಿಂದ ರಾಯಭಾರಿಯಾಗಿ ಬಂದ ಅಬ್ದುಲ್ ರಜಾಕನಿಗೆ ಅರಸನ ಕಡೆಯವರು ಇಳಿದುಕೊಳ್ಳಲು ಮನೆಯನ್ನು ಕೊಟ್ಟಿದ್ದರು. ಈಗಿನವರಿಗೆ ನಾವೇ ದಿಕ್ಕು.

ಇಂಥವರ ಒಂದು ದಿನವನ್ನು ನೋಡಿರಿ. ಬೆಳಿಗ್ಗೆ ಆನೆಗೊಂದಿಯ ಬಳಿಯ ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಹತ್ತುವಷ್ಟರಲ್ಲಿ ಕೈಯಲ್ಲಿದ್ದ ಬಾಳೆಯ ಹಣ್ಣು ಕಪಿಗಳ ಪಾಲು. ಹೊಳೆ ದಾಟಿ ವಿಠ್ಠಲನ ಗುಡಿಗೆ ನಡೆಯುವಾಗ ನಡುಹಗಲು. ಬಂಡೆಗಳ ಕಾವಿಗೆ ಬಾಯಾರುವುದು, ತಂದ ನೀರು ತೀರಿರುವುದು. ಕಲ್ಲಿನ ರಥದೆದುರು ಮೈಮರೆತು ಸಂಜೆ ದಡಕ್ಕೆ ಬಂದರೆ ಕೊನೆಯ ದೋಣಿ ಹೋಗಿರುವುದು. ವಸತಿಯು ಆಚೆ ದಡದಲ್ಲಿ. ಸೇತುವೆಯನ್ನು ಸುತ್ತಿ ಹೋಗಬೇಕಾದರೆ ಹರದಾರಿಗಟ್ಟಲೆ ದಾರಿ.

ಇಲ್ಲಿಯವರೆಗೆ ನಗೆಯ ಮಾತು. ಈಜಿ ದಾಟುವೆವೆಂದು ಹೊರಟರೆ ಮಾತ್ರ ಜೀವಕ್ಕೆ ಎರವು. ತುಂಗಭದ್ರೆಯ ಒಡಲಲ್ಲಿ ಬಂಡೆಗಳೂ ಸುಳಿಗಳೂ ಇವೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆಯು ಏರುವುದು. ಇದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆದುದರಿಂದ ಆ ಕಡೆಗೆ ಹೋಗುವ ಗೃಹಸ್ಥರು ಅಂಥವರನ್ನು ಕಂಡಾಗ ದೋಣಿ ನಿಲ್ಲುವ ವೇಳೆಯನ್ನು ಕೈಸನ್ನೆಯಿಂದಲಾದರೂ ತಿಳಿಸಬೇಕು. ಕುಡಿಯಲು ಒಂದು ತಂಬಿಗೆ ನೀರನ್ನೂ ಕೊಡಬೇಕು.